ಮಾನೆಭಂಜ್ಯಾಂಗಿನ ಮುದಿ ಮೋಟಾರುಗಳು

ಬೆಳಗಿನ ಆರು ಗಂಟೆ. ಕೆಳಗಿನ ಕಣಿವೆಯಿಂದ ಏರಿಬಂದ ಮಂಜು ಬೀದಿಯನ್ನೆಲ್ಲ ತುಂಬಿಕೊಂಡಿದೆ. ಮನೆಯೊಂದರ ಮುಂದೆ ನಿಂತ ಹಳೆಯ ಮೋಟಾರಿನ ಅಡಿಯಿಂದ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತಿವೆ. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ ಹುಡುಗ, ಒಳಗಿನಿಂದ ಕೈ ಚಾಚಿದಾಗಲೆಲ್ಲ ಬೇಕಾದ ಸ್ಪ್ಯಾನರನ್ನು ಕೇಳದೆಯೇ ಆ ಕೈಗಿಡುತ್ತಾನೆ. ಸ್ವಲ್ಪ ಹೊತ್ತಿಗೆ ಎಂಜಿನ್ ಕೆಮ್ಮುತ್ತದೆ, ನಡುಗುತ್ತದೆ, ಹೊಗೆಯುಗುಳಿ ಎದ್ದುಬಿಡುತ್ತದೆ. ಅಪ್ಪನ ಮುಖದಲ್ಲೂ ಮಗನ ಮುಖದಲ್ಲೂ ಒಂದೇ ನಗು. ಗಾಡಿಯ ವಯಸ್ಸೋ, ಅಪ್ಪನಿಗಿಂತಲೂ ಹೆಚ್ಚು!

ಪಶ್ಚಿಮ ಬಂಗಾಳದ ಮಾನೆಭಂಜ್ಯಾಂಗಿನಲ್ಲಿ ಇಂಥ ಮುಂಜಾವುಗಳು ಹೊಸತಲ್ಲ. ಡಾರ್ಜಿಲಿಂಗ್‌ನಿಂದ ಸುಮಾರು 26 ಕಿ.ಮೀ. ದೂರದ ಈ ಪುಟ್ಟ ಊರಿನ ಹೆಸರಿನಲ್ಲಿರುವ 'ಮಾನೆ'ಗೂ ಕನ್ನಡದ ಮನೆಗೂ ನಂಟಿಲ್ಲ. ಬೌದ್ಧರು ಪ್ರಾರ್ಥನೆಗೆಂದು ಕಟ್ಟುವ ಕಲ್ಲುಗೋಡೆಯೇ ಮಾನೆ. ಭಂಜ್ಯಾಂಗ್ ಎಂದರೆ ನೇಪಾಳಿಯಲ್ಲಿ ಗುಡ್ಡಗಳ ನಡುವೆ ದಾಟಿಹೋಗಲು ಇರುವ ತಗ್ಗು. ಊರಿನ ಅಂಚಿಗೇ ನೇಪಾಳದ ಗಡಿ. ಇಲ್ಲಿಂದ 31 ಕಿ.ಮೀ. ಏರಿದರೆ ಸಂದಕ್‌ಫು. ಎತ್ತರ 3636 ಮೀಟರ್. ಪಶ್ಚಿಮ ಬಂಗಾಳದಲ್ಲಿ ಇದಕ್ಕಿಂತ ಎತ್ತರದ ಜಾಗವಿಲ್ಲ. ಕರ್ನಾಟಕದ ಮುಳ್ಳಯ್ಯನಗಿರಿಯ ತುದಿ ಸುಮಾರು 1930 ಮೀಟರ್. ಅಂದರೆ ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ ಮುಗಿಯುವ ಮಟ್ಟದ ಆಸುಪಾಸಿನಲ್ಲಿ ಈ ದಾರಿಯ ಏರು ಶುರುವಾಗುತ್ತದೆ.

ಈ ದಾರಿಯನ್ನು ದಶಕಗಳ ಕಾಲ ಏರಿದ್ದು ಲ್ಯಾಂಡ್ ರೋವರ್ ಗಾಡಿಗಳು. ಅವುಗಳ ಹುಟ್ಟಿನ ಕಥೆಯೂ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ರೋವರ್ ಕಂಪನಿಯ ಮೌರಿಸ್ ವಿಲ್ಕ್ಸ್ ತಮ್ಮ ಜಮೀನಿನ ಕೆಲಸಕ್ಕೆ ಅಮೆರಿಕದ ಹಳೆಯ ಸೇನಾ ಜೀಪೊಂದನ್ನು ಬಳಸುತ್ತಿದ್ದರು. ಅಂಥದ್ದೇ ಒಂದನ್ನು ತಾವೇ ಏಕೆ ಮಾಡಬಾರದೆಂದು 1947ರಲ್ಲಿ ವೇಲ್ಸ್‌ನ ಕಡಲತೀರವೊಂದರ ಮರಳಿನ ಮೇಲೆ ಅದರ ಚಿತ್ರ ಗೀಚಿದರಂತೆ. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಗಾಡಿ ಜನರೆದುರು ಬಂತು. ಆಗ ಬ್ರಿಟನ್ನಿನಲ್ಲಿ ಉಕ್ಕಿಗೆ ಬರಗಾಲ, ಅಲ್ಯೂಮಿನಿಯಂ ಸುಲಭವಾಗಿ ಸಿಗುತ್ತಿತ್ತು. ಹಾಗಾಗಿ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹ, ಕೆಳಗಿನ ಚೌಕಟ್ಟಿಗೆ ಮಾತ್ರ ಉಕ್ಕು. ಡಾರ್ಜಿಲಿಂಗಿನ ಚಹಾ ತೋಟಗಳ ಸಾಹೇಬರು ಇಂಥ ಗಾಡಿಗಳನ್ನು ತಂದರು. ಅವರು ಊರು ಬಿಟ್ಟಾಗ ಗಾಡಿಗಳು ಗುಡ್ಡದ ಜನರ ಪಾಲಾದವು.

ಹಿಂಬದಿಗೂ ಸೀಟು ಜೋಡಿಸಿದ ಈ ಸ್ಟೇಷನ್ ವ್ಯಾಗನ್‌ಗಳು ಅಷ್ಟು ಕಡಿದಾದ ಏರನ್ನು ಹತ್ತುವುದಾದರೂ ಹೇಗೆ? ಚಾಲಕನ ಕಾಲಬಳಿ, ಮಾಮೂಲಿ ಗೇರಿನ ಪಕ್ಕದಲ್ಲಿ, ಕೆಂಪು ಗುಂಡಿನ ಇನ್ನೊಂದು ಹಿಡಿಯಿದೆ. ಗುಟ್ಟು ಅಲ್ಲಿದೆ. ಅದನ್ನು ಹಿಂದಕ್ಕೆಳೆದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುತ್ತದೆ, ಜೊತೆಗೆ ವೇಗ ಇನ್ನಷ್ಟು ತಗ್ಗುತ್ತದೆ. ಮೊದಲನೆಯ ಗೇರಿನಲ್ಲಿ ಎಂಜಿನ್ ಸುಮಾರು 40 ಸುತ್ತು ತಿರುಗಿದರೆ ಚಕ್ರ ತಿರುಗುವುದು ಒಂದೇ ಸುತ್ತು! ವೇಗ ಕಳೆದುಕೊಂಡಷ್ಟೂ ತಿರುಗಿಸುವ ಬಲ ಹೆಚ್ಚುತ್ತದೆ. ಸನ್ನೆಗೋಲಿನ ಪಾಠವನ್ನು ಶಾಲೆಯಲ್ಲಿ ಓದಿದವರಿಗೆ ಇದು ಹೊಸದಲ್ಲ. ಗಾಡಿ ಆಮೆಯಂತೆ ಹೋಗುತ್ತದೆ, ಆದರೆ ನಿಲ್ಲುವುದಿಲ್ಲ.

ಆದರೆ ಎತ್ತರ ತನ್ನ ಸುಂಕವನ್ನು ಬಿಡುವುದಿಲ್ಲ. ಸಂದಕ್‌ಫುವಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ಅಲ್ಲಿ ಮನುಷ್ಯನಂತೆ ಎಂಜಿನ್ನೂ ಏದುಸಿರು ಬಿಡುತ್ತದೆ. ಹಳೆಯ ಪೆಟ್ರೋಲ್ ಎಂಜಿನ್ನುಗಳು ಸವೆದಾಗ ಬಹಳ ಮಂದಿ ಅದರ ಜಾಗಕ್ಕೆ ಮಹೀಂದ್ರ ಗಾಡಿಗಳ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ಎಂಜಿನ್ನಿನ ಕಾಲುಗಳು ಕೂರುವ ಜಾಗ ಬೇರೆ, ಗೇರ್‌ಪೆಟ್ಟಿಗೆಗೆ ಸೇರುವ ಬಾಯಿ ಬೇರೆ. ನಡುವೆ ದಪ್ಪ ಲೋಹದ ಹಲಗೆ ಕೊರೆಸಿ ಹೊಂದಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ಬೇರಿಂಗ್ ಬಾಳದು. ಮುಂಭಾಗದ ಭಾರ ಹೆಚ್ಚಿದರೆ ಕಮಾನು ಪಟ್ಟಿಗೂ ಬಲ ಕೊಡಬೇಕು. ಒಂದನ್ನು ಮುಟ್ಟಿದರೆ ಇನ್ನೊಂದು ಕೇಳುತ್ತದೆ!

ಮಂಜಿನ ಊರಿನಲ್ಲಿ ಇನ್ನೊಂದು ಶತ್ರುವಿದೆ. ಅಲ್ಯೂಮಿನಿಯಂ ತುಕ್ಕು ಹಿಡಿಯದು ಎಂಬುದೇನೋ ನಿಜ. ಆದರೆ ಅದು ಉಕ್ಕಿಗೆ ತಾಗಿಕೊಂಡು, ನಡುವೆ ತೇವ ನಿಂತರೆ, ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಹುಟ್ಟಿ ಅಲ್ಯೂಮಿನಿಯಂ ನಿಧಾನವಾಗಿ ಪುಡಿಯಾಗುತ್ತದೆ. ಕೆಳಗಿನ ಉಕ್ಕಿನ ಚೌಕಟ್ಟಿಗಂತೂ ತುಕ್ಕಿನ ಕಾಟ ತಪ್ಪಿದ್ದಲ್ಲ. ಆದರೆ ಆ ಚೌಕಟ್ಟು ಮೊದಲಿಗೆ ತಯಾರಾದದ್ದೇ ಉಕ್ಕಿನ ಪಟ್ಟಿಗಳನ್ನು ಪೆಟ್ಟಿಗೆಯಂತೆ ಬೆಸೆದು. ಹಾಗಾಗಿ ಕೊಳೆತ ಭಾಗ ಕತ್ತರಿಸಿ ಹೊಸ ತುಂಡು ಬೆಸೆಯಬಹುದು. ಕಾರ್ಖಾನೆ ಕಲಿತದ್ದನ್ನು ಅಂಗಳವೂ ಕಲಿಯಿತು. ಮನೆಯಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರಿಗೆ ಒಂದು ಎಚ್ಚರಿಕೆ: ಜಾಕಿಯೊಂದನ್ನೇ ನಂಬಿ ಗಾಡಿಯಡಿಗೆ ಹೋಗಬಾರದು. ಗಟ್ಟಿ ಆಧಾರವಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಉಳಿದದ್ದು.

ಎಂಜಿನ್ ಬದಲು, ಚೌಕಟ್ಟಿಗೆ ತೇಪೆ, ಸೀಟು ಹೊಸದು. ಹಾಗಾದರೆ ಇದು ಸಾಹೇಬರು ತಂದ ಅದೇ ಗಾಡಿಯೇ? ಊರ ತೇರಿನ ಗಾಲಿ ಸವೆದರೆ ಹೊಸದು ಹಾಕುತ್ತಾರೆ, ಅಚ್ಚು ಮುರಿದರೆ ಬೇರೆಯದು ಮಾಡಿಸುತ್ತಾರೆ. ಆದರೂ ತೇರು ಅಜ್ಜನ ಕಾಲದ್ದೇ. ಮಾನೆಭಂಜ್ಯಾಂಗಿನ ಲೆಕ್ಕವೂ ಹಾಗೆಯೇ. ಗಾಡಿ ಒಂದು ದಿನ ನಿಂತರೆ ಮನೆಯ ಆ ದಿನದ ಸಂಪಾದನೆ ನಿಂತಂತೆ. ದುರಸ್ತಿ ಇಲ್ಲಿ ಹವ್ಯಾಸವಲ್ಲ, ಅನ್ನದ ದಾರಿ.

ಹೊರಟ ಗಾಡಿ ಚಿತ್ರೆ, ಮೇಘ್ಮಾ, ತುಮ್ಲಿಂಗ್, ಗೈರಿಬಾಸ್ ದಾಟಿ ಸಿಂಗಾಲಿಲಾ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ಏರುತ್ತದೆ. ಏಪ್ರಿಲ್ ಹೊತ್ತಿಗೆ ರೋಡೊಡೆಂಡ್ರಾನ್ ಮರಗಳ ತುಂಬ ಕೆಂಪು ಹೂ. ಅದೃಷ್ಟವಿದ್ದರೆ ಕೆಂಪು ಪಾಂಡಾ ಕಂಡೀತು. ಕಾಲಿಪೋಖ್ರಿಯ ಕಪ್ಪು ಕೊಳದ ನಂತರ ಏರು ಬಿರುಸು. ಸಂದಕ್‌ಫು ಎಂಬ ಹೆಸರಿಗೆ ವಿಷಗಿಡಗಳ ಎತ್ತರ ಎಂಬ ಅರ್ಥ ಹೇಳುತ್ತಾರೆ. ಇಲ್ಲಿ ವತ್ಸನಾಭಿ ಬೆಳೆಯುತ್ತದೆ. ಮುಂಜಾನೆ ಮೋಡ ಸರಿದರೆ ಎವರೆಸ್ಟ್, ಕಾಂಚನಜುಂಗಾ, ಲ್ಹೋತ್ಸೆ, ಮಕಾಲು ಒಟ್ಟಿಗೆ ಕಾಣುತ್ತವೆ. ಜಗತ್ತಿನ ಐದು ಅತ್ಯುನ್ನತ ಶಿಖರಗಳಲ್ಲಿ ನಾಲ್ಕನ್ನು ಒಂದೇ ಕಡೆ ನಿಂತು ನೋಡುವ ಭಾಗ್ಯ!

2008ರಲ್ಲಿ ಲ್ಯಾಂಡ್ ರೋವರ್ ಕಂಪನಿ ಭಾರತದ ಟಾಟಾ ಸಮೂಹದ ಕೈಸೇರಿತು. ಗಾಡಿಗೆ 70 ತುಂಬಿದ 2018ರಲ್ಲಿ ಕಂಪನಿ ಮಾನೆಭಂಜ್ಯಾಂಗಿನ ಕುರಿತೇ ಒಂದು ಕಿರುಚಿತ್ರ ಹೊರತಂದಿತು. ಆಗ ಊರಿನಲ್ಲಿ ಇಂಥವು ಸುಮಾರು 40 ಇದ್ದವು. ಈಚಿನ ವರ್ಷಗಳಲ್ಲಿ ದಾರಿಯ ಬಹುಭಾಗಕ್ಕೆ ಕಾಂಕ್ರೀಟ್ ಬಿದ್ದಿದೆ, ಹೊಸ ಗಾಡಿಗಳೂ ಏರುತ್ತಿವೆ. ಹೆರಿಗೆಗೆ, ಆಸ್ಪತ್ರೆಗೆ ಇಳಿಯಬೇಕಾದ ಗುಡ್ಡದ ಮನೆಗಳಿಗೆ ಒಳ್ಳೆಯ ರಸ್ತೆ ಬೇಕೇ ಬೇಕು. ಆದರೆ ಮುದಿ ಗಾಡಿಯ ನಾಲ್ಕು ಚಕ್ರದ ಬಲಕ್ಕೆ ಗಟ್ಟಿ ಕಾಂಕ್ರೀಟಿನ ಮೇಲೆ ಕೆಲಸವಿಲ್ಲ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡುತ್ತವೆ, ಕಲ್ಲುದಾರಿಯಂತೆ ಜಾರಿ ಹೊಂದಿಕೊಳ್ಳಲು ಆಗದು. ಗಾಡಿ ಹುಟ್ಟಿದ್ದೇ ರಸ್ತೆಯಿಲ್ಲದ ಕಡೆಗೆ.

ಹಾಗಾದರೆ ಸ್ಪ್ಯಾನರ್ ಹಿಡಿದ ಆ ಹುಡುಗನ ಕಲಿಕೆ ವ್ಯರ್ಥವೇ? ಗಾಡಿ ಒಂದು ದಿನ ಮೂಲೆ ಸೇರಬಹುದು. ಬಿಚ್ಚಿ ನೋಡುವ ಧೈರ್ಯ, ಮತ್ತೆ ಜೋಡಿಸುವ ತಾಳ್ಮೆ ಮೂಲೆ ಸೇರುವುದಿಲ್ಲ. ಅಕ್ಟೋಬರ್ ರಜೆಯಲ್ಲಿ ಮಕ್ಕಳೊಡನೆ ಅತ್ತ ಹೋಗುವ ತಂದೆತಾಯಿಗಳು ಕಾಂಚನಜುಂಗಾವನ್ನು ತೋರಿಸಿದ ಮೇಲೆ, ಚಾಲಕನನ್ನು ಕೇಳಿ ಒಮ್ಮೆ ಆ ಬಾನೆಟ್ಟನ್ನೂ ತೆರೆಸಿ ತೋರಿಸಲಿ. ಊರಿಗೆ ಮರಳಿದ ಮೇಲೆ ಮಗುವೊಂದು ಕೆಟ್ಟ ಗಡಿಯಾರ ಬಿಚ್ಚಿಕೊಂಡು ಕುಳಿತರೆ, ಗದರುವ ಮುನ್ನ ಸ್ವಲ್ಪ ತಡೆಯಲಿ.