ಒಡೆಯುತ್ತದೆಂದು ಗೊತ್ತಿತ್ತು

2007ರ ಕೊನೆಯಲ್ಲಿ ಷೇರುಪೇಟೆ ಮಿತಿಮೀರಿ ಉಬ್ಬಿದೆ ಎಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಮಂಗಳೂರಿನ ಹಂಪನಕಟ್ಟೆಯ ಬ್ರೋಕರ್ ಕಚೇರಿಯಲ್ಲಿ ಕುಳಿತು ಉಳಿದವರಿಗೆ ನಾನೇ ಹೇಳುತ್ತಿದ್ದೆ: "ಇದು ನಿಲ್ಲುವುದಿಲ್ಲ ಮಾರಾಯ್ರೆ, ಒಂದು ದಿನ ಒಡೀತದೆ." ಹೇಳಿ ಮುಗಿಸಿ ಮತ್ತೆ ಖರೀದಿಗೆ ಇಳಿಯುತ್ತಿದ್ದೆ. ಒಡೆಯುವ ಹಿಂದಿನ ದಿನ ಹೊರಬಂದರಾಯಿತು ಎಂಬ ಭಂಡ ಧೈರ್ಯ.

ನಮ್ಮೂರಿಗೆ ಷೇರು ಹೊಸತಲ್ಲ. ಮಂಗಳೂರಿಗೆ ತನ್ನದೇ ಸ್ಟಾಕ್ ಎಕ್ಸ್‌ಚೇಂಜ್ ಇತ್ತು. 2004ರಲ್ಲಿ ಅದರ ಮಾನ್ಯತೆ ಹೋಯಿತು. 1997ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಷೇರು ಬಿಟ್ಟಾಗ ಅಪ್ಪ ಒಂದಿಷ್ಟು ತೆಗೆದುಕೊಂಡು ಸುಮ್ಮನಾಗಿದ್ದರು. ಅವರ ಮಟ್ಟಿಗೆ ಅದು ಹಿತ್ತಿಲ ತೆಂಗಿನ ಮರ, ಮಾರುವ ಮಾತೇ ಇಲ್ಲ. ನಾನು ಆ ಷೇರುಗಳನ್ನೇ ಬ್ರೋಕರಿಗೆ ಜಾಮೀನಾಗಿ ಕೊಟ್ಟು, ಕೈಯಲ್ಲಿದ್ದ ದುಡ್ಡಿನ ಹಲವು ಪಟ್ಟು ಬೆಲೆಯ ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಬೆಲೆ ಈಗಲೇ ಗೊತ್ತುಮಾಡಿಕೊಳ್ಳುವ ಒಪ್ಪಂದ) ತೆಗೆದುಕೊಂಡೆ. ಸಾಲದ್ದಕ್ಕೆ ಹೆಂಡತಿಯ ಚಿನ್ನವನ್ನೂ ಅಡವಿಟ್ಟಿದ್ದೆ. ಅವಳಿಗೆ ಹೇಳಿದ ಕಾರಣ ಬೇರೆ.

2008ರ ಜನವರಿಯಲ್ಲಿ ಸೆನ್ಸೆಕ್ಸ್ 21,000 ದಾಟಿತು. ಅದೇ ತಿಂಗಳ 21ರ ಸೋಮವಾರ 1,408 ಅಂಶ ಕುಸಿಯಿತು. ಮಂಗಳವಾರ ಪೇಟೆ ತೆರೆದ ಕೆಲವೇ ನಿಮಿಷಗಳಲ್ಲಿ ಶೇ 10ಕ್ಕೂ ಹೆಚ್ಚು ಬಿದ್ದು, ವಹಿವಾಟನ್ನೇ ಒಂದು ಗಂಟೆ ನಿಲ್ಲಿಸಿದರು. ಬ್ರೋಕರ್ ಕಚೇರಿಯ ಹುಡುಗ ಫೋನ್ ಮಾಡಿದ: "ಅಣ್ಣ, ಮಾರ್ಜಿನ್ ಕಮ್ಮಿ ಬಿದ್ದಿದೆ. ದುಡ್ಡು ಹಾಕಿ, ಇಲ್ಲದಿದ್ದರೆ ಎಲ್ಲ ಕಟ್ ಆಗ್ತದೆ."

ಎಲ್ಲಿಂದ ಹಾಕುವುದು? ಮಾರ್ಜಿನ್ ಮೇಲೆ, ಅಂದರೆ ಬೆಲೆಯ ಒಂದು ಪಾಲನ್ನಷ್ಟೇ ಒತ್ತೆಯಿಟ್ಟು ಖರೀದಿಸಿದವನು ಯಾವ ದಿನ ಮಾರಬೇಕೆಂದು ತಾನೇ ನಿಶ್ಚಯಿಸುವಂತಿಲ್ಲ. ಬೆಲೆ ನೆಲಕಚ್ಚಿದ ಹೊತ್ತಿಗೇ ಅವನ ಮಾಲನ್ನು ಬೇರೆಯವರು ಮಾರುತ್ತಾರೆ. ನನ್ನ ಫ್ಯೂಚರ್ಸ್ ಹೋದವು, ಹಿಂದೆಯೇ ಅಪ್ಪನ ಷೇರುಗಳೂ ಹೋದವು. ಎಲ್ಲವೂ ನಾನು ಸಹಿ ಹಾಕಿದ ಕಾಗದದ ಪ್ರಕಾರವೇ ನಡೆಯಿತು, ಯಾರನ್ನು ದೂರಲಿ? ಬುಧವಾರ ಸೂಚ್ಯಂಕ 800ಕ್ಕೂ ಹೆಚ್ಚು ಅಂಶ ಮೇಲೆದ್ದಿತು. ನನ್ನ ಖಾತೆಯಲ್ಲಿ ಏಳಲು ಏನೂ ಉಳಿದಿರಲಿಲ್ಲ. ಅಪ್ಪನಿಗೆ ವಿಷಯ ತಿಳಿಸಲು ನಾನು ಬಹಳ ಸಮಯ ತೆಗೆದುಕೊಂಡೆ. ನಷ್ಟಕ್ಕಿಂತ ಅದರ ನಾಚಿಕೆಯೇ ಈಗಲೂ ಹೆಚ್ಚು.

ಮೊನ್ನೆ ತಂಗಿಯ ಮಗ ಕೇಳಿದ: "ಮಾಮ, ಮಾರ್ಕೆಟ್ ಬಬಲ್ ಅಂತೆ, ಹೌದಾ?" ಅವನ ಮೊಬೈಲಿನಲ್ಲಿ ಆಪ್ಷನ್ಸ್ ಆಟ ನಡೆದಿದೆ. ಬಬಲ್ ಹೌದೋ ಅಲ್ಲವೋ, ಹಾಕಿದ್ದು ಸಾಲದ ದುಡ್ಡಾ ಎಂದು ಕೇಳಿದೆ. ಮಾತು ಬದಲಿಸಿದ. ಫ್ಯೂಚರ್ಸ್, ಆಪ್ಷನ್ಸ್ ಆಡಿದ ಬಿಡಿ ಹೂಡಿಕೆದಾರರಲ್ಲಿ 100ಕ್ಕೆ 93 ಮಂದಿ ಮೂರು ವರ್ಷಗಳಲ್ಲಿ ನಷ್ಟ ಉಂಡಿದ್ದಾರೆ ಎಂದು 2024ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಲೆಕ್ಕ ಕೊಟ್ಟಿದೆ. ಆ ಮೂರು ವರ್ಷಗಳಲ್ಲಿ ಬಬಲ್ ಒಡೆದಿರಲಿಲ್ಲ, ಪೇಟೆ ಏರಿತ್ತು!

2008ರ ಅಕ್ಟೋಬರಿನಲ್ಲಿ 8,000ಕ್ಕಿಂತ ಕೆಳಗಿಳಿದ ಸೆನ್ಸೆಕ್ಸ್ 2010ರ ದೀಪಾವಳಿಗೆ ಮತ್ತೆ 21,000 ಮುಟ್ಟಿತು. ಅಡವಿಟ್ಟ ಚಿನ್ನ ಬಿಡಿಸಿಕೊಳ್ಳಲು ನನಗೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.