ವಿಜಯತೋರಣವೂ ಬೆಳ್ಳಿಯ ನಾಣ್ಯವೂ

ಎಂ.ಎ. ಓದುತ್ತಿದ್ದ ದಿನಗಳಲ್ಲಿ ನಾವು ಕೆಲವರು ಚಿತ್ರದುರ್ಗದ ಚಂದ್ರವಳ್ಳಿಗೆ ಹೋದದ್ದು ಕದಂಬ ಮಯೂರಶರ್ಮನ ಬಂಡೆಗಲ್ಲಿನ ಶಾಸನವನ್ನು ಕಣ್ಣಾರೆ ಕಾಣಬೇಕೆಂದು. ಅದೇ ನೆಲದಲ್ಲಿ 1947ರ ಉತ್ಖನನದ ವೇಳೆ ರೋಮನ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿಯ ನಾಣ್ಯ ದೊರೆತ ಸಂಗತಿಯನ್ನು ಗುರುಗಳು ವಿವರಿಸತೊಡಗಿದರು. ನಾನು ಕಿವಿಗೊಡಲಿಲ್ಲ. ಇತಿಹಾಸ ಮಾತನಾಡುವುದು ಕಲ್ಲಿನಲ್ಲಿ, ನಾಣ್ಯ ವ್ಯಾಪಾರಿಗಳ ಗಂಟಿನ ಸರಕು ಎಂಬ ಹಮ್ಮು ಆಗ ನನ್ನದು. ಪಿಎಚ್.ಡಿ. ಪ್ರಬಂಧದಲ್ಲಿಯೂ ನಾಣ್ಯಗಳನ್ನು ಒಂದು ಅಡಿಟಿಪ್ಪಣಿಗೆ ಸರಿಸಿದೆ. ಅದನ್ನು ಓದಿದ ಗುರುಗಳು, "ಕಲ್ಲು ಕೆತ್ತಿಸಿದವನ ಮಾತನ್ನೇ ಕೇಳುತ್ತದೆ, ನೆನಪಿರಲಿ" ಎಂದು ಹೇಳಿ ಸಹಿ ಹಾಕಿದರು. ಆ ಮಾತು ನನಗೆ ಸರಿಯಾಗಿ ಅರ್ಥವಾದದ್ದು ಕಳೆದ ವರ್ಷ, ರೋಮಿನಲ್ಲಿ. ಅಷ್ಟರಲ್ಲಿ ಅವರು ಇರಲಿಲ್ಲ.

ರೋಮನ್ ಫೋರಮ್ಮಿನ ಒಂದು ತುದಿಯಲ್ಲಿ, ಕ್ಯಾಪಿಟೊಲೈನ್ ಗುಡ್ಡದ ಬುಡದಲ್ಲಿ, ಸೆಪ್ಟಿಮಿಯಸ್ ಸೆವೆರಸನ ವಿಜಯತೋರಣವಿದೆ. ಮೂರು ಬಾಗಿಲು, ಸುಮಾರು 21 ಮೀಟರ್ ಎತ್ತರ. ಪಾರ್ಥಿಯನ್ನರ ಮೇಲಿನ ಗೆಲುವಿನ ನೆನಪಿಗಾಗಿ ಕ್ರಿ.ಶ. 203ರಲ್ಲಿ ಸೆವೆರಸನಿಗೂ ಅವನ ಮಕ್ಕಳಾದ ಕ್ಯಾರಕಲ್ಲ, ಗೇಟರಿಗೂ ಅದನ್ನು ಅರ್ಪಿಸಲಾಯಿತು. 211ರಲ್ಲಿ ತಂದೆ ತೀರಿಕೊಂಡ. ಅದೇ ವರ್ಷದ ಕೊನೆಗೆ ಕ್ಯಾರಕಲ್ಲ ತನ್ನ ತಮ್ಮನನ್ನು ಕೊಲ್ಲಿಸಿದ. ತಾಯಿ ಜೂಲಿಯಾ ಡೊಮ್ನಳ ತೋಳುಗಳಲ್ಲಿಯೇ ಗೇಟ ಪ್ರಾಣಬಿಟ್ಟನಂತೆ. ಅನಂತರ ಅವನ ಹೆಸರನ್ನು ಎಲ್ಲೆಡೆ ಅಳಿಸಬೇಕೆಂಬ ಆಜ್ಞೆಯಾಯಿತು.

ತೋರಣದ ಶಾಸನದಲ್ಲಿ ನಾಲ್ಕನೆಯ ಸಾಲು ಗೇಟನದಾಗಿತ್ತು. ಅದನ್ನು ಕೆರೆದು, ಅತ್ಯುತ್ತಮರೂ ಅತಿಶೂರರೂ ಆದ ಪ್ರಭುಗಳಿಗೆ ಎಂಬರ್ಥದ ಪದಗಳನ್ನು ತುಂಬಿದರು. ಅಳತೆ ಎಷ್ಟು ಚೊಕ್ಕವಾಗಿ ಹೊಂದಿದೆಯೆಂದರೆ, ತಿಳಿಯದವರಿಗೆ ಅಲ್ಲೊಂದು ಕೊಲೆ ಅಡಗಿದೆಯೆಂಬ ಸುಳಿವೂ ಸಿಗದು. ಆದರೆ ಮೂಲದ ಅಕ್ಷರಗಳು ಕಂಚಿನವು. ಅವನ್ನು ನಾಟಲು ಕೊರೆದ ತೂತುಗಳು ಅಮೃತಶಿಲೆಯಲ್ಲಿ ಉಳಿದುಬಿಟ್ಟವು. ವಿದ್ವಾಂಸರು ಆ ತೂತುಗಳನ್ನು ಜೋಡಿಸಿಯೇ ಗೇಟನ ಹೆಸರನ್ನು ಓದಿದ್ದಾರೆ. ಸವೆದ ಶಾಸನಗಳ ಮೇಲೆ ಬೆರಳಾಡಿಸಿ ಕಣ್ಣು ಕೆಡಿಸಿಕೊಂಡ ನಾನು ಆ ಸಾಲಿನ ಕೆಳಗೆ ಬಹಳ ಹೊತ್ತು ಕತ್ತೆತ್ತಿ ನಿಂತೆ. ಜೊತೆಗಿದ್ದ ಮಗಳು ಬಿಸಿಲಿಗೆ ಬೇಸತ್ತು ನೆರಳು ಹುಡುಕಿಕೊಂಡು ಹೋದಳು.

ಗೇಟನ ಮುಖವಿದ್ದ ನಾಣ್ಯಗಳನ್ನೂ ಕ್ಯಾರಕಲ್ಲ ಕರಗಿಸಿದನೆಂದು ಅದೇ ಕಾಲದ ಇತಿಹಾಸಕಾರ ಡಿಯೊ ಕ್ಯಾಸಿಯಸ್ ಬರೆಯುತ್ತಾನೆ. ಪೆರ್ಗಮಮ್ ಮೊದಲಾದ ಪಟ್ಟಣಗಳಲ್ಲಿ ಅಣ್ಣತಮ್ಮಂದಿರ ಮುಖಗಳು ಎದುರುಬದುರಾಗಿದ್ದ ನಾಣ್ಯಗಳ ಮೇಲೆ ತಮ್ಮನ ಮುಖವನ್ನಷ್ಟೇ ಒರಸಿಹಾಕಿದ್ದುಂಟು. ಆದರೂ ಗೇಟನ ನಾಣ್ಯಗಳು ಇಂದು ಧಾರಾಳವಾಗಿ ಸಿಗುತ್ತವೆ. ತೋರಣ ನಿಂತಲ್ಲಿಯೇ ನಿಂತಿರುತ್ತದೆ. ಏಣಿ ಹಾಕಿ ಉಳಿ ಹಿಡಿದರೆ ಮುಗಿಯಿತು. ನಾಣ್ಯವೋ ಸೈನಿಕನ ಸೊಂಟದಲ್ಲಿ, ಮುದುಕಿಯ ಮಡಕೆಯಲ್ಲಿ, ಹೂತಿಟ್ಟ ನಿಧಿಯಲ್ಲಿ ಚದುರಿಹೋಗಿರುತ್ತದೆ. ಅದನ್ನು ಮರಳಿ ಕರೆಸುವ ಶಕ್ತಿ ಚಕ್ರವರ್ತಿಗೂ ಇರಲಿಲ್ಲ.

ಹಾಗೆಂದು ನಾಣ್ಯ ಸತ್ಯಸಂಧವೆಂದು ನಂಬುವಂತಿಲ್ಲ. ಸೆವೆರಸನ ಬೆಳ್ಳಿಯ ನಾಣ್ಯವೊಂದರಲ್ಲಿ ಇದೇ ತೋರಣದ ಚಿತ್ರವಿದೆ. ಈಗ ಬೋಳಾಗಿರುವ ಅದರ ನೆತ್ತಿಯ ಮೇಲೆ ಆಗ ಕುದುರೆಗಳ ಸಾಲು ಕಟ್ಟಿದ ರಥವಿತ್ತೆಂದು ನಾವು ತಿಳಿಯುವುದು ಅದರಿಂದಲೇ. ಆದರೆ ಅದರ ಬರಹದಲ್ಲಿ ಅಗಸ್ಟಸ್ ಎಂಬ ಬಿರುದಿನ ಸಂಕ್ಷೇಪಕ್ಕೆ ಎರಡೇ 'ಜಿ'ಗಳಿವೆ, ಎಂದರೆ ಇಬ್ಬರೇ ಅಗಸ್ಟಸರು. ಗೇಟನಿಗೆ ಆಗಿನ್ನೂ ಆ ಬಿರುದು ಬಂದಿರಲಿಲ್ಲ. ಕಲ್ಲು ಹೆಸರಿಸಿದ್ದ ಹುಡುಗನನ್ನು ನಾಣ್ಯ ಲೆಕ್ಕಕ್ಕೆ ಹಿಡಿದಿಲ್ಲ.

ನೀರೋನ ತೋರಣದ ಕಥೆ ಇನ್ನೂ ವಿಚಿತ್ರ. ಆರ್ಮೇನಿಯದ ಗೆಲುವಿಗಾಗಿ ಅದು ಇದೇ ಕ್ಯಾಪಿಟೊಲೈನ್ ಗುಡ್ಡದ ಮೇಲೆ ಎದ್ದುನಿಂತಿತ್ತು. ಇಂದು ಅದರದೆಂದು ಗುರುತಿಸಬಲ್ಲ ಒಂದು ಕಲ್ಲೂ ಇಲ್ಲ. ಉಳಿದಿರುವುದು ನೀರೋನ ಹಿತ್ತಾಳೆಯ ದೊಡ್ಡ ನಾಣ್ಯಗಳ ಮೇಲಿನ ಚಿತ್ರ: ಓರೆಯಾಗಿ ಕಾಣುವ ತೋರಣ, ಪಕ್ಕದ ಗೂಡಿನಲ್ಲಿ ಯುದ್ಧದೇವತೆ ಮಾರ್ಸ್, ಮೇಲೆ ನಾಲ್ಕು ಕುದುರೆಗಳ ರಥ. ನಾಣ್ಯದ ಮಾತನ್ನಷ್ಟೇ ಕೇಳಿದರೆ ಅದೊಂದು ನಿಷ್ಕಳಂಕ ವಿಜಯ. ಟ್ಯಾಸಿಟಸ್ ಬೇರೆ ಮಾತು ಹೇಳುತ್ತಾನೆ. ತೋರಣದ ಕೆಲಸ ಸಾಗಿದ್ದ ಕ್ರಿ.ಶ. 62ರಲ್ಲಿಯೇ ದಂಡನಾಯಕ ಪೀಟಸ್ ಪಾರ್ಥಿಯನ್ನರಿಗೆ ಮಣಿದು ಹಿಂದೆ ಸರಿದಿದ್ದ; ಆದರೂ ನೋಟಕ್ಕಾಗಿ ಕೆಲಸ ನಿಲ್ಲಲಿಲ್ಲ. ಕ್ಲಾಡಿಯಸನಂತೂ ಬ್ರಿಟನ್ನಿನ ಗೆಲುವಿನ ತೋರಣವನ್ನು 46ರ ಸುಮಾರಿಗೇ ನಾಣ್ಯದಲ್ಲಿ ಮೆರೆಸಿದ. ರೋಮಿನಲ್ಲಿ ಅದರ ಅರ್ಪಣೆಯಾದದ್ದು 51ರ ಹೊತ್ತಿಗೆ!

ಹೊರಡುವ ಹಿಂದಿನ ದಿನ ವಸ್ತುಸಂಗ್ರಹಾಲಯವೊಂದರ ನೆಲಮಾಳಿಗೆಯಲ್ಲಿ, ಗಾಜಿನ ಹಿಂದೆ, ಗೇಟನ ಬೆಳ್ಳಿಯ ನಾಣ್ಯವನ್ನು ಕಂಡೆ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಗಡ್ಡ ಮೂಡದ ಎಳೆಯ ಮುಖ, ಸುತ್ತಲೂ ಹೆಸರು. ತೂತುಗಳಿಂದ ಊಹಿಸಿ ಓದಬೇಕಾದ ಹೆಸರಲ್ಲ, ಒಂದಕ್ಷರವೂ ಕೆಡದ ಹೆಸರು. ಗುರುಗಳಿಗೆ ಪತ್ರ ಬರೆಯಬೇಕೆನಿಸಿತು. ವಿಳಾಸ ಈಗಲೂ ಬಾಯಿಪಾಠವಿದೆ.

ಪ್ರಬಂಧದ ಮರುಮುದ್ರಣಕ್ಕೆ ಪ್ರಕಾಶಕರೊಬ್ಬರು ಕೇಳಿದ್ದಾರೆ. ಚಂದ್ರವಳ್ಳಿಯ ಆ ಅಡಿಟಿಪ್ಪಣಿಯನ್ನು ಬಿಡಿಸಿ ಬರೆಯಲು ಕುಳಿತಿದ್ದೇನೆ; ಸದ್ಯಕ್ಕೆ ಹನ್ನೆರಡು ಪುಟವಾಗಿದೆ.