ಅರ್ಧ ಬೆಲೆಯ ಪುಸ್ತಕ

ಮೈಸೂರಿನ ಅಲ್ಪವೇತನದ ಗೃಹಸ್ಥನಿಗೆ ಜೂನ್ ತಿಂಗಳೆಂದರೆ ಮಕ್ಕಳಿಗಿಂತ ಮೊದಲು ತನಗೇ ಪರೀಕ್ಷೆ. ಅಗ್ರಹಾರದ ಗುಮಾಸ್ತರೊಬ್ಬರು ಆ ಕಾಲಕ್ಕೆ ಮಗನೊಡನೆ ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದ ಅಂಗಡಿಗಳಿಗೆ ತಪ್ಪದೆ ಹೋಗುತ್ತಿದ್ದರು. ಅರ್ಧ ಬೆಲೆಯ ಪುಸ್ತಕಕ್ಕೂ ಅವರು ಚೌಕಾಶಿ ಮಾಡುವಾಗ, ಸಹಪಾಠಿಗಳು ಕಂಡಾರೆಂದು ಹುಡುಗನು ಮುಖವನ್ನು ಮರೆಮಾಡಿಕೊಳ್ಳುವನು. ಆ ಸಹಪಾಠಿಗಳೂ ಪಕ್ಕದ ಅಂಗಡಿಯಲ್ಲಿಯೇ ನಿಂತಿರುತ್ತಿದ್ದರೆಂಬುದು ಬೇರೆ ಮಾತು! ಉಳಿದ ಚಿಲ್ಲರೆಗೆ ದೇವರಾಜ ಮಾರುಕಟ್ಟೆಯಲ್ಲಿ ಒಂದೇ ರಸಬಾಳೆ ಬರುವುದು. ತಂದೆಯವರಿಗೆ ಎಂದೂ ಹಸಿವಿರುತ್ತಿರಲಿಲ್ಲ. ಮನೆಯಲ್ಲಿ ತಾಯಿಯು ಹಿಂದಿನವನ ಹೆಸರಿನ ಮೇಲೆ ಮೈದಾಹಿಟ್ಟಿನ ಅಂಟಿನಿಂದ ಕಾಗದವನ್ನು ಹಚ್ಚುವಳು.

1892ರ ಆ ಕಟ್ಟಡದ ಒಂದು ಭಾಗವು 2012ರಲ್ಲಿ ಕುಸಿದು ಪ್ರಾಣಹಾನಿಯಾಯಿತು, ಅಂಗಡಿಗಳು ಮುಚ್ಚಿದವು. ತಂದೆಯವರು ಅದಕ್ಕೆ ಮೊದಲೇ ತೀರಿಕೊಂಡಿದ್ದರು. ಮಗನ ಬೀರುವಿನಲ್ಲಿ ಒಂದು ಗಣಿತ ಪುಸ್ತಕವುಳಿದಿದೆ. ಕಾಗದವು ಬಿಟ್ಟುಕೊಂಡು, ಯಾರೋ ಅಪರಿಚಿತ ಬಾಲಕನ ಹೆಸರು ಕಾಣುತ್ತದೆ. ಅವನು ಅದನ್ನು ಮತ್ತೆ ಮುಚ್ಚಿಲ್ಲ.